ಫೋನಿಗಿಂತ ಮೊದಲು ಸ್ಪೀಕರು

ಮಿರಜದ ನಮ್ಮ ಕನ್ನಡ ಸಮಾಜದ ಸಭಾಗೃಹದಲ್ಲಿ ಕಳೆದ ರವಿವಾರ ಸಂಜೆ ಸ್ಪೀಕರೊಂದು ‘ಟಿಡಿಕ್ ಟಿಡಿಕ್ ಟಿಡಿಕ್’ ಎಂದಿತು. ಪ್ರಾಣಹಾನಿಯ ವರದಿಯಿಲ್ಲ. ಸಾಂಗ್ಲಿ ಕಡೆಯ ಸಂಚಾರ ಎಂದಿನಂತೆ ನಡೆದಿದೆ. ಆದರೆ ಕಾರ್ಯಕ್ರಮಗಳಲ್ಲಿ ಮೈಕು ಹಿಡಿದು ‘ಎಲ್ಲರಿಗೂ ಸ್ವಾಗತ’ ಎನ್ನುವ ನನ್ನ ಹಕ್ಕಿಗೆ ಕುತ್ತು ಬಂತು. ನನ್ನದು ಬಟ್ಟೆ ಅಂಗಡಿ. ಅಲ್ಲಿ ಗಿರಾಕಿಗಳು ನನ್ನ ಮಾತು ಕೇಳುವುದಿಲ್ಲ, ಮನೆಯಲ್ಲಿ ಆ ಪ್ರಶ್ನೆಯೇ ಇಲ್ಲ. ಉಳಿದದ್ದು ಮೈಕು ಒಂದೇ. ಈ ಸದ್ದು ಮಾತ್ರ ಎಲ್ಲಿ ಹೋದರೂ ನನ್ನನ್ನೇ ಹುಡುಕಿಕೊಂಡು ಬರುತ್ತದೆ.

ಭವಿಷ್ಯ

ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹಳೆಯ ಸ್ಪೀಕರು, ಪಕ್ಕದಲ್ಲೇ ನನ್ನ ಫೋನು. ಫೋನು ರಿಂಗಾಗುವ ಒಂದು ಕ್ಷಣ ಮೊದಲು ಸ್ಪೀಕರು ಟಿಡಿಕ್ ಎನ್ನುತ್ತದೆ. ಇದು ತಿಳಿದ ಮೇಲೆ ನಾನು ಗಿರಾಕಿಗಳ ಮುಂದೆ ಕಣ್ಣು ಮುಚ್ಚಿ, “ಈಗ ಒಂದ ಫೋನ್ ಬರತೈತಿ ನೋಡ್ರಿ” ಎನ್ನತೊಡಗಿದೆ. ಬರುತ್ತಿತ್ತು. ಸೀರೆ ಕೊಳ್ಳಲು ಮ್ಹೈಸಾಳದಿಂದ ಬಂದಿದ್ದ ಅಜ್ಜಿಯೊಬ್ಬಳು ಕೈಮುಗಿದೇಬಿಟ್ಟಳು. ನಾನು ಬೇಡ ಎನ್ನಲಿಲ್ಲ. ಗಂಭೀರವಾಗಿ ಫೋನು ಎತ್ತಿದೆ.

ಹೆಂಡತಿ. “ಮೊಸರು ತರ್ತೇನಂತ ಹೋಗಿ ಅಂಗಡ್ಯಾಗ ಕುಂತೀರೇನು? ಮನ್ಯಾಗ ಬೀಗರು ಬಂದು ಕುಂತಾರ!”

ಅಷ್ಟೂ ಅಜ್ಜಿಗೆ ಕೇಳಿಸಿತು. ಮುಗಿದ ಕೈ ಕೆಳಗಿಳಿಸಿ, “ತಮ್ಮಾ, ಬರೋದು ಮೊದಲ ಗೊತ್ತಿತ್ತಲ್ಲ, ಓಡಿಹೋಗಬಾರದಾಗಿತ್ತ?” ಎಂದಳು.

ರಿಪೇರಿ

ಆ ರವಿವಾರಕ್ಕೂ ಹಿಂದಿನ ಸಮಾಜದ ಸಭೆಯಲ್ಲಿ ನಾನು ಮೈಕಿನ ಬಳಿ ಹೋದರೆ ಟಿಡಿಕ್, ಹಿಂದೆ ಸರಿದರೆ ಮೌನ. ವೈರು ಸರಿಯಿಲ್ಲವೆಂದು ನಾನು ಗದರಿದೆ. ವೈರು ಬದಲಾಯಿತು, ಮೈಕೂ ಬದಲಾಯಿತು. ಮತ್ತೆ ಹತ್ತಿರ ಹೋದೆ. ಟಿಡಿಕ್. ನಮ್ಮ ಅಧ್ಯಕ್ಷರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಅವರು ಕುಳಿತಲ್ಲಿಂದಲೇ ತೀರ್ಪು ಕೊಟ್ಟರು: “ಸ್ಪೀಕರ್ ಛಲೋ ಐತಿ. ಇಂವನ್ನ ರಿಪೇರಿಗೆ ಕೊಡ್ರಿ.”

ನನ್ನ ಅಂಗಿಯ ಖಿಸೆಯಲ್ಲಿ ಫೋನು ಸೈಲೆಂಟ್ ಆಗಿತ್ತು, ಹಾಗಾಗಿ ಅದರ ಮೇಲೆ ನನಗೆ ಅನುಮಾನ ಬರಲಿಲ್ಲ. ಹೆಂಡತಿ ಬಿಡದೆ ಫೋನು ಹಚ್ಚುತ್ತಿದ್ದಳು.

“ಇನ್ನೊಮ್ಮೆ ಟಿಡಿಕ್ ಅಂದ್ರ ಮೈಕ್ ಮಾವಶಿ ಕೈಯಾಗ,” ಎಂದರು ಕಾಕಾ. ಮಾವಶಿ ನಮ್ಮ ಮಹಿಳಾ ಮಂಡಳದ ಹಿರಿಯರು. ಅವರ ದನಿ ಮೈಕಿಲ್ಲದೆಯೇ ಸಾಂಗ್ಲಿ ದಾಟಿ ಮಾಧವನಗರ ಮುಟ್ಟುತ್ತದೆ.

ವಿಜ್ಞಾನ

ನಾನು ಆಳವಾದ ಅಧ್ಯಯನಕ್ಕೆ ಇಳಿದೆ, ಅಂದರೆ ಮಗಳನ್ನು ಕೇಳಿದೆ. ಅವಳು ಮರಾಠಿಯಲ್ಲಿ ಹೇಳಿದ್ದನ್ನು ರವಿವಾರ ಸಭೆಗೆ ಕನ್ನಡದಲ್ಲಿ, ನನ್ನದೇ ಎಂಬಂತೆ ಹೇಳಿದೆ: “ಫೋನು ಟವರಿನ ಜೊತೆ ತಡೆತಡೆದು, ಜೋರಾಗಿ ಮಾತಾಡುತ್ತದೆ. ಸ್ಟ್ಯಾಂಡಿನಲ್ಲಿ ಆಟೋದವರು ‘ಮಾಧವನಗರ! ಮಾಧವನಗರ!’ ಎಂದು ಕೂಗುವ ಹಾಗೆ. ಹತ್ತಿರದ ಸ್ಪೀಕರಿನ ವೈರು ಆ ಕೂಗನ್ನು ಹಿಡಿಯುತ್ತದೆ. ಆಂಪ್ಲಿಫಾಯರ್ ಅದನ್ನು ದೊಡ್ಡದು ಮಾಡುತ್ತದೆ. ಫೋನು ಸೈಲೆಂಟ್ ಮಾಡಿದರೆ ನಮಗೆ ಕೇಳಿಸುವುದಿಲ್ಲ, ಅಷ್ಟೇ. ಅದು ಕೂಗುವುದನ್ನು ಬಿಡುವುದಿಲ್ಲ.”

ಚಪ್ಪಾಳೆ ಬಿತ್ತು. ಅದೇ ಹುರುಪಿನಲ್ಲಿ ಎಲ್ಲರ ಫೋನುಗಳನ್ನೂ ಅಂಗಡಿಯ ಥೈಲಿಗೆ, ಅಂದರೆ ದೊಡ್ಡ ಬಟ್ಟೆಚೀಲಕ್ಕೆ, ಹಾಕಿಸಿಕೊಂಡೆ. ಕಾಕಾ ಅವರದು, ಮಾವಶಿಯದು, ಅಂದು ಹಾಡಬೇಕಿದ್ದ ಗಾಯಕರದು, ಕೊನೆಗೆ ನನ್ನದು. ಇಷ್ಟೊಂದು ಬೆಲೆಬಾಳುವ ಮಾಲು ಕಣ್ಣೆದುರಿಗೇ ಇರಲೆಂದು ಥೈಲಿಯನ್ನು ಆಂಪ್ಲಿಫಾಯರಿನ ಮೇಜಿನ ಕೆಳಗೆ, ವೈರುಗಳ ನಡುವೆ ಭದ್ರವಾಗಿ ಇಟ್ಟೆ.

ಗಾಯಕರು ಕಣ್ಣು ಮುಚ್ಚಿ ಷಡ್ಜ ಹಿಡಿದರು. ಟಿಡಿಕ್ ಟಿಡಿಕ್ ಟಿಡಿಕ್. ನಿಂತಿತು. ಮತ್ತೆ ಶುರುವಾಯಿತು. ಗಾಯಕರು ಒಂದು ಕಣ್ಣು ತೆರೆದು ಕೇಳಿದರು: “ನಮ್ಮ ತಬಲಾದವ್ರು ಇನ್ನೂ ಬಂದಿಲ್ಲ. ಮತ್ತ ಈ ಠೇಕಾ ಯಾರು ಬಾರಿಸಾಕತ್ತಾರ?”

ಥೈಲಿ ಬಿಚ್ಚಿದೆವು. ಬಾರಿಸುತ್ತಿದ್ದವರು ತಬಲಾದವರೇ. ಸಾಂಗ್ಲಿಯಿಂದ ಹೊರಟವರು ದಾರಿ ತಪ್ಪಿ, ಕೇಳೋಣವೆಂದು ಗಾಯಕರಿಗೆ, ಕಾಕಾಗೆ, ಮಾವಶಿಗೆ, ನನಗೆ ಸರದಿಯಂತೆ ಫೋನು ಹಚ್ಚುತ್ತಿದ್ದರು. ಆಮಂತ್ರಣದಲ್ಲಿ ಅಚ್ಚಾದ ಒಂದೊಂದು ನಂಬರೂ ಥೈಲಿಯೊಳಗಿತ್ತು.

ಕಾಕಾ ಥೈಲಿ ಎತ್ತಿ ನನ್ನ ಕೈಗಿಟ್ಟರು. “ಮೊದಲ ನಿಂದೊಂದ ಫೋನಿನ ತ್ರಾಸ ಇತ್ತು,” ಎಂದರು. “ಈಗ ಊರಂದೆಲ್ಲಾ ಕೂಡಿಸಿ ತಂದಿಯಲ್ಲೋ!”

ತಬಲಾದವರು ಅಷ್ಟರಲ್ಲಿ ಮಿರಜಕ್ಕೆ ವಿರುದ್ಧ ದಿಕ್ಕಿನ ಸಮಡೋಳಿ ಮುಟ್ಟಿದ್ದರು. ಗಾಯನ ತಬಲಾ ಇಲ್ಲದೆ ಮುಗಿಯಿತು. ಮೈಕು ಈಗ ಮಾವಶಿಯ ಬಳಿ ಇದೆ. ನಾನು ಬಾಗಿಲಲ್ಲಿ ಚಪ್ಪಲಿ ನೋಡಿಕೊಳ್ಳುತ್ತೇನೆ.