ದೂರಿಲ್ಲದ ತೊಟ್ಟಿ

ನಮ್ಮ ನಿರ್ದೇಶಕರ ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಆಯ್ಕೆಯಾದ ಹದಿನಾಲ್ಕು ಜೀವಿಗಳ ಪೈಕಿ ಒಂದೂ ಇಂದಿನವರೆಗೆ ಯಾವುದೇ ದೂರು ಸಲ್ಲಿಸಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ. ದೃಢೀಕರಿಸಿದವನು ನಾನೇ. ನೆರೆಹೊರೆ ಹೊಂದಾಣಿಕೆ ಇಲಾಖೆಯಲ್ಲಿ ಇಪ್ಪತ್ತೊಂದು ವರ್ಷ ಗುಮಾಸ್ತನಾಗಿ ಏನೇನನ್ನೋ ದೃಢೀಕರಿಸಿದ್ದೇನೆ, ಇದೊಂದನ್ನು ಬಿಡಲಾಗುತ್ತದೆಯೇ?

ಅಕ್ಕಪಕ್ಕದ ಮನೆಯವರ ಜಗಳ ಬಗೆಹರಿಸುವುದು ನಮ್ಮ ಇಲಾಖೆಯ ಕೆಲಸ. ಮೊದಲು ವರ್ಷಕ್ಕೆ ನಾಲ್ಕು ಸಾವಿರ ದೂರು ಬರುತ್ತಿದ್ದವು. ಈಗ ಒಂದೂ ಬರುವುದಿಲ್ಲ. ಅರ್ಜಿಗೆ ಏಳನೆಯ ಅಂಕಣವೊಂದನ್ನು ಸೇರಿಸಿದ್ದೇ ಇದಕ್ಕೆ ಕಾರಣ: 'ಯಾರ ವಿರುದ್ಧ ದೂರೋ ಅವರ ಒಪ್ಪಿಗೆ ಸಹಿ.' ಈ ಅಂಕಣ ನನ್ನ ಕೊಡುಗೆ. ಅದಕ್ಕೆ ಪ್ರಶಂಸಾಪತ್ರ ಬಂದಿದೆ, ಬೇಕಾದವರು ನೋಡಬಹುದು.

ಮುಖ್ಯ ಆಯುಕ್ತರು ತಪಾಸಣೆಗೆ ಬರುತ್ತಾರೆಂದು ತಿಳಿದ ದಿನ ನಿರ್ದೇಶಕರು ತಮ್ಮ ಮನೆಯ ಹಾಲ್‌ನಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ ಇಡಿಸಿದರು. ಕಲ್ಲು ಬಂತು, ಹವಳ ಬಂತು, ಪಂಪು ಬಂತು. "ಒಂದೇ ಸೂರಿನಡಿ ಬೇರೆ ಬೇರೆ ಜಾತಿಯ ಜೀವಿಗಳು ಹೇಗೆ ಬಾಳುತ್ತವೆ ಅಂತ ಆಯುಕ್ತರು ಕಣ್ಣಾರೆ ನೋಡಬೇಕು ಕಣ್ರೀ," ಎಂದರು. "ಮೀನಿನ ವಿಷಯ ಯಾರಿಗ್ರೀ ಗೊತ್ತು?"

ಕೈ ಎತ್ತಿದ್ದು ನಾನು. ಹಾಳಾದ ಕೈ!

ಮೀನಿನ ವಿಷಯ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ನನ್ನ ಹೆಂಡತಿಗೆ. ಆರು ವರ್ಷದ ಹಿಂದೆ ಅವಳು ಸೊಂಟ ಮುರಿದುಕೊಂಡು ಎಂಟು ತಿಂಗಳು ಮಲಗಿದ್ದಾಗ ಮಂಚದ ಪಕ್ಕ ಒಂದು ಸಣ್ಣ ತೊಟ್ಟಿ ಇಟ್ಟಿದ್ದೆವು. ಅದರಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು. ಹೆಣ್ಣು ದೊಡ್ಡದು, ಅದರ ಹೆಸರು ಯಜಮಾನ್ತಿ. ಗಂಡು ಹೆಬ್ಬೆರಳಿನಷ್ಟು, ಸದಾ ಅವಳ ಹಿಂದೆ ಹಿಂದೆ, ಅದು ಯಜಮಾನ. ಹೆಂಡತಿ ಬೆರಳು ಅದ್ದಿದರೆ ಎರಡೂ ಬಂದು ಕಚ್ಚಿ ನೋಡಿ ಹೋಗುತ್ತಿದ್ದವು. ಆ ಎಂಟು ತಿಂಗಳು ಹಗಲೆಲ್ಲ ಅವಳ ಜೊತೆಗಿದ್ದದ್ದು ಅವು. ನಾನು ಆಫೀಸಿನಲ್ಲಿದ್ದೆ.

ಜೀವಿಗಳ ಆಯ್ಕೆಗೆ ಸಮಿತಿ ರಚನೆಯಾಯಿತು. ನಿರ್ದೇಶಕರು ಅಧ್ಯಕ್ಷರು, ನಾನು ಸದಸ್ಯ ಕಾರ್ಯದರ್ಶಿ. ಅಕ್ವೇರಿಯಂ ಅಂಗಡಿಯಾತನನ್ನು ಮಾತಾಡಬಹುದಾದ, ಆದರೆ ಮತ ಹಾಕಬಾರದ ತಜ್ಞನೆಂದು ಕರೆಸಿದೆವು. ಆತ ಒಂದು ಪಟ್ಟಿ ತಂದಿದ್ದ. ಸೀಗಡಿ ಮೂರು, ಶಂಖದೊಳಗೆ ಬಾಳುವ ಏಡಿ ಮೂರು, ನೀಲಿ ಮೀನು ಐದು. "ಇವೆಲ್ಲ ಹೊಂದಿಕೊಂಡು ಹೋಗ್ತವೆ ಸಾರ್. ಒಂದರ ಪಾಡಿಗೆ ಒಂದು ಇರ್ತವೆ."

"ಹನ್ನೊಂದಾಯ್ತು. ಹನ್ನೆರಡನೆಯದು ನಿಗದಿಯಾಗಿದೆ," ಎಂದರು ನಿರ್ದೇಶಕರು. ಅದು ಆಯುಕ್ತರ ಮನೆಯಿಂದ ಬರಲಿದ್ದ, ಗೇಣುದ್ದದ, ಗಟ್ಟಿ ಹಲ್ಲಿನ ಟ್ರಿಗರ್ ಮೀನು. ಅವರ ತೊಟ್ಟಿಯಲ್ಲಿ ಅದೊಂದೇ ಉಳಿದಿದ್ದರಿಂದ ಅದಕ್ಕೆ ಬೇಸರವಾಗಿದೆಯಂತೆ.

ಅಂಗಡಿಯಾತ ಪಟ್ಟಿ ಮಡಚಿಬಿಟ್ಟ. "ಒಂದೇ ಯಾಕೆ ಉಳೀತು ಅಂತ ಕೇಳಿದ್ರಾ ಸಾರ್?"

"ಮೇಲಿನವರನ್ನ ಹಾಗೆಲ್ಲ ಕೇಳೋದಲ್ಲ."

"ಹಾಗಾದ್ರೆ ಅದನ್ನ ಕೊನೇಗಾದ್ರೂ ಬಿಡಿ. ಸಾಧು ಪ್ರಾಣಿಗಳು ಮೊದಲು ಹೋಗಿ ತಮ್ಮ ತಮ್ಮ ಮೂಲೆ ಹಿಡ್ಕೊಳ್ಳಲಿ. ಜಗಳಗಂಟ ಮೊದಲು ಹೋದ್ರೆ ತೊಟ್ಟಿ ಪೂರ್ತಿ ತಂದೇ ಅನ್ಕೊಳ್ಳುತ್ತೆ."

ಸಮಿತಿಯು ಈ ಸಲಹೆಯನ್ನು ಗೌರವಪೂರ್ವಕವಾಗಿ ಪರಿಶೀಲಿಸಿ, ಪ್ರವೇಶವು ಜ್ಯೇಷ್ಠತೆಯ ಪ್ರಕಾರ ಆಗತಕ್ಕದ್ದೆಂದೂ ಜ್ಯೇಷ್ಠತೆಯನ್ನು ದೇಹದ ಉದ್ದದಿಂದ ಅಳೆಯತಕ್ಕದ್ದೆಂದೂ ತೀರ್ಮಾನಿಸಿತು. ಟ್ರಿಗರ್ ಮೊದಲು ಹೋಯಿತು. ಹೋದ ಗಳಿಗೆಯಲ್ಲೇ ಒಂದು ಹವಳ ಮುರಿಯಿತು. ಅದನ್ನು ಗೃಹಪ್ರವೇಶದ ಉತ್ಸಾಹ ಎಂದು ನಡಾವಳಿಯಲ್ಲಿ ಬರೆದೆ.

ಕೊನೆಗೆ ನಿರ್ದೇಶಕರಿಗೆ ಏನೋ ಕೊರತೆ ಕಾಣಿಸಿತು. "ದಂಪತಿ ಇಲ್ಲದ ಮಾದರಿ ಸಂಸಾರ ಇರುತ್ತೇನ್ರೀ? ನಿಮ್ಮ ಮನೇಲಿ ಒಂದು ಜೋಡಿ ಇದೆಯಂತಲ್ಲ." ಮರುದಿನವೇ ಆದೇಶ ಬಂತು. ಯಜಮಾನ್ತಿ ಮತ್ತು ಯಜಮಾನ, ಒಂದು ತಿಂಗಳ ಮಟ್ಟಿಗೆ ನಿಯೋಜನೆ ಮೇರೆಗೆ. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆಯಿತ್ತು: ಸೂಪರಿಂಟೆಂಡೆಂಟ್ ಹುದ್ದೆಗೆ ಪರಿಗಣನೆಯಲ್ಲಿರುವವರ ಪಟ್ಟಿ. ಮೊದಲ ಹೆಸರು ನನ್ನದು.

"ಆ ತೊಟ್ಟೀಲಿ ಬೇರೆ ಯಾರ್ಯಾರಿದ್ದಾರೆ?" ಎಂದು ಹೆಂಡತಿ ಕೇಳಿದಳು.

"ಎಲ್ಲ ಆಯ್ಕೆಯಾದವರೇ," ಎಂದೆ.

"ನನ್ನ ಮೀನು ವಾಪಸ್ ಬರುತ್ತವಾ?"

"ಆದೇಶದಲ್ಲೇ ಬರೆದಿದೆಯಲ್ಲೇ."

ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ತೊಟ್ಟಿಯ ಮುಂದೆ ನಿಂತು ಹಾಜರಿ ಹಾಕುವುದು ನನ್ನ ಕೆಲಸವಾಯಿತು. ಮೂರನೆಯ ದಿನ ಸೀಗಡಿಗಳು ಗೈರು. ಐದನೆಯ ದಿನ ಏಡಿಗಳು, ಶಂಖಗಳನ್ನು ಹಿಂದೆ ಬಿಟ್ಟು. ಅನಧಿಕೃತ ಗೈರುಹಾಜರಿಗಾಗಿ ನೋಟಿಸು ತಯಾರಿಸಿ, ಅವುಗಳಿಗೆ ಓದಲು ಅನುಕೂಲವಾಗಲೆಂದು ಅಕ್ಷರಗಳು ಒಳಮುಖವಾಗುವಂತೆ ಗಾಜಿಗೆ ಅಂಟಿಸಿದೆ. ಏಳು ದಿನದೊಳಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ.

ಅಂಗಡಿಯಾತ ಬಂದು ಓದಿ ತಲೆ ಚಚ್ಚಿಕೊಂಡ. "ಅಯ್ಯೋ ಸಾರ್, ಅವೆಲ್ಲ ಆ ಟ್ರಿಗರ್ ಹೊಟ್ಟೇಲಿವೆ!"

ನಿರ್ದೇಶಕರು ಗಂಭೀರವಾಗಿ ಯೋಚಿಸಿದರು. "ಆ ಹೊಟ್ಟೆ ಎಲ್ಲಿದೆ?"

"ತೊಟ್ಟಿಯೊಳಗೇ."

"ಅಂದ್ಮೇಲೆ ಯಾರೂ ಕೇಂದ್ರಸ್ಥಾನ ಬಿಟ್ಟಿಲ್ಲ. ನೋಟಿಸು ತೆಗೀರಿ. ಹಾಜರಿ ಹಾಕಿ."

ಹಾಕಿದೆ. ಎಂಟನೆಯ ದಿನದ ಹೊತ್ತಿಗೆ ನೀಲಿ ಮೀನುಗಳಿಗೂ ಹಾಗೆಯೇ ಹಾಕಿದೆ. ಯಜಮಾನ್ತಿ ಮತ್ತು ಯಜಮಾನ ಪಂಪಿನ ಹಿಂದಿನ ಸಂದಿಯಲ್ಲಿ ಒತ್ತಿಕೊಂಡು ನಿಂತಿದ್ದವು. ಗಂಡಿನ ಬಾಲ ಅರ್ಧ ಇರಲಿಲ್ಲ. ನೇರವಾಗಿ ನಿರ್ದೇಶಕರ ಹತ್ತಿರ ಹೋಗಿ, "ಸಾರ್, ಇವೆರಡನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಆ ಟ್ರಿಗರ್ ಜೊತೆ ಇವು ಬಾಳೋದಿಲ್ಲ," ಎಂದೆ.

"ದೂರಾ?" ಎಂದರು ನಿರ್ದೇಶಕರು. ಸಿಟ್ಟಿರಲಿಲ್ಲ, ಕುತೂಹಲವಿತ್ತು. "ಅರ್ಜಿ ತುಂಬಿ."

ತುಂಬಿದೆ. ಏಳನೆಯ ಅಂಕಣದ ಹತ್ತಿರ ಪೆನ್ನು ನಿಂತಿತು. ನಿರ್ದೇಶಕರು ಬಗ್ಗಿ ನೋಡಿ, "ಅದರ ಸಹಿ ತಗೊಂಡ್ಬನ್ನಿ, ಈಗಲೇ ಬಿಡುಗಡೆ ಮಾಡ್ತೀನಿ. ನಾನೇನು ಕಟುಕನೇನ್ರೀ?" ಎಂದರು. ಸುಳ್ಳು ಹೇಳಬಾರದು, ನಾನು ತೊಟ್ಟಿಯ ತನಕ ಹೋದೆ.

ವಿಷಯ ಮನೆಯಲ್ಲಿ ಮುಚ್ಚಿಡಲಾಗಲಿಲ್ಲ. ತಪಾಸಣೆಯ ದಿನ ಬೆಳಿಗ್ಗೆ ಹೆಂಡತಿ ಮುಚ್ಚಳದ ಬಕೆಟ್ಟಿನಲ್ಲಿ ಉಪ್ಪುನೀರು ಹದ ಮಾಡಿ, ಕೈಯದ್ದಿ ಬಿಸಿ ನೋಡಿ, ಒಂದು ಬಲೆಯನ್ನೂ ಇಟ್ಟು ನನ್ನ ಕೈಗೆ ಕೊಟ್ಟಳು. "ಯಾರನ್ನೂ ಕೇಳಬೇಡಿ. ಬಲೆ ಹಾಕಿ, ಎತ್ಕೊಂಡು ಬನ್ನಿ. ಎರಡು ನಿಮಿಷದ ಕೆಲಸ. ಇಷ್ಟು ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ, ನಿಜ.

ನಾನು ಹೋಗುವಷ್ಟರಲ್ಲಿ ಹಾಲ್ ತುಂಬಿತ್ತು. ಆಯುಕ್ತರು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪಂಪಿನ ಸಂದಿಯಲ್ಲಿ ಎರಡೂ ಇನ್ನೂ ಇದ್ದವು. ಬಕೆಟ್ ಹಿಡಿದವನನ್ನು ಕಂಡದ್ದೇ ತಡ ಯಜಮಾನ್ತಿ ಗಾಜಿನ ಹತ್ತಿರ ಬಂದಳು. ಅವಳ ಹಿಂದೆಯೇ ಅವನೂ ಬಂದ.

"ಬಕೆಟ್ ಯಾಕೆ?" ಎಂದರು ಆಯುಕ್ತರು.

ಬಲೆ ನನ್ನ ಕೈಯಲ್ಲೇ ಇತ್ತು. ಎರಡು ನಿಮಿಷದ ಕೆಲಸ.

"ಸ್ವಚ್ಛತೆಗೆ ಸಾರ್," ಎಂದೆ.

"ಭೇಷ್! ವರದಿ ಓದಿ."

ಓದಿದೆ. 'ಸದರಿ ತೊಟ್ಟಿಯಲ್ಲಿ ಹದಿನಾಲ್ಕು ಜೀವಿಗಳು ಪರಸ್ಪರ ಅತ್ಯಂತ ನಿಕಟವಾಗಿ ಬಾಳುತ್ತಿದ್ದು...' ಎಂಬಲ್ಲಿ ಗಂಡು ಟ್ರಿಗರ್ ಬಾಯಿಗೆ ಹೋಯಿತು. 'ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ' ಎಂಬಲ್ಲಿ ಹೆಣ್ಣು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಚಪ್ಪಾಳೆ ಬಿತ್ತು. ನೀರು ತಿಳಿಯಾಯಿತು. ಇಷ್ಟು ಶಾಂತವಾದ ತೊಟ್ಟಿಯನ್ನು ತಾವು ಕಂಡಿಲ್ಲವೆಂದು ಆಯುಕ್ತರು ಮೆಚ್ಚಿ, ಟ್ರಿಗರ್‌ಗೆ ವರ್ಷದ ಹೊಂದಾಣಿಕೆ ಪ್ರಶಸ್ತಿಯನ್ನೂ ನನಗೆ ಸೂಪರಿಂಟೆಂಡೆಂಟ್ ಹುದ್ದೆಯನ್ನೂ ಅಲ್ಲೇ ಘೋಷಿಸಿದರು.

ಮನೆಯಲ್ಲಿ ಹೆಂಡತಿ ಮುಚ್ಚಳ ತೆಗೆದು ಬಕೆಟ್ಟಿನೊಳಗೆ ನೋಡಿದಳು. ನನಗೆ ಬಡ್ತಿ ಬಂತು ಎಂದೆ. ಅವಳು ನೀರು ಚೆಲ್ಲಿ ಬಂದು ತನ್ನ ಹಾಸಿಗೆಯನ್ನು ಹಿಂದಿನ ಕೋಣೆಗೆ ಒಯ್ದಳು. ಅಂದಿನಿಂದ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೋದ ವಾರ ಇಲಾಖೆಯ ಸಮೀಕ್ಷಕರು ನಮ್ಮ ಬೀದಿಗೆ ಬಂದಿದ್ದರು. ನಮ್ಮ ಮನೆಯಿಂದ ಜಗಳದ ಸದ್ದು ಕೇಳಿಸುತ್ತದೆಯೇ ಎಂದು ಅಕ್ಕಪಕ್ಕದವರನ್ನು ವಿಚಾರಿಸಿದರು. ಎದುರುಮನೆಯಾಕೆ, "ಅಯ್ಯೋ, ಸದ್ದೇ ಇಲ್ಲ. ಅಂಥ ಗಂಡ ಹೆಂಡತಿ ಎಲ್ಲಿ ಸಿಗ್ತಾರೆ!" ಎಂದರಂತೆ. ಸಮೀಕ್ಷಕರು ಒಳಗೆ ಬಂದು ಒಂದು ಗಂಟೆ ಕುಳಿತು, ದಂಪತಿಗಳ ನಡುವೆ ಯಾವ ಮಾತೂ ನಡೆಯುವುದಿಲ್ಲವೆಂಬುದನ್ನು ಸ್ವತಃ ಖಚಿತಪಡಿಸಿಕೊಂಡು, ನಮ್ಮನ್ನು ಮಾದರಿ ದಂಪತಿ ಎಂದು ಶಿಫಾರಸು ಮಾಡಿದರು. ಎದುರುಮನೆಯವರು ಬಂದು ಅಭಿನಂದಿಸಿದರು. ಹೆಂಡತಿ ಏನೂ ಹೇಳಲಿಲ್ಲ, ಅದನ್ನೂ ಎಲ್ಲರೂ ಮೆಚ್ಚಿಕೊಂಡರು.

ಆ ಶಿಫಾರಸಿನ ಕಡತ ಈ ದಿನ ಸೂಪರಿಂಟೆಂಡೆಂಟರ, ಅಂದರೆ ನನ್ನ, ಮೇಜಿಗೆ ಬಂತು. ಎಲ್ಲವೂ ಕ್ರಮಬದ್ಧವಾಗಿತ್ತು. ದೃಢೀಕರಿಸಿದ್ದೇನೆ.