ಕೊರಳಲ್ಲಿ ಪ್ಲೇಯರು, ಹಂಚಿನ ಮೇಲೆ ರೊಟ್ಟಿ

ನಮ್ಮ ಮಾಮನಿಗೆ ಗೊತ್ತಿಲ್ಲದ ವಿದ್ಯೆ ಈ ಭೂಮಿಯ ಮೇಲೆ ಇಲ್ಲ. ಬರುವ ವಿದ್ಯೆ ಒಂದೂ ಇಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಕೇಳುವವರು ಒಮ್ಮೆ ಭಾಲ್ಕಿಗೆ ಬಂದು ನೋಡಬೇಕು. ಬರುವಾಗ ಊಟ ಮುಗಿಸಿಕೊಂಡು ಬಂದರೆ ಕ್ಷೇಮ. ಯಾಕೆಂದು ಮುಂದೆ ತಿಳಿಯುತ್ತದೆ.

ಮಾಮ ಎಂದರೆ ನನ್ನ ತಾಯಿಯ ತಮ್ಮ. ಬಸ್ ಕಂಡಕ್ಟರಾಗಿ ಭಾಲ್ಕಿ, ಔರಾದ, ಬೀದರ ಎಂದು ಜೀವಮಾನವಿಡೀ ಓಡಾಡಿ ನಿವೃತ್ತನಾದವನು. ಟಿಕೆಟಿನ ಚೀಲ ಇಳಿಸಿದ ಮೇಲೆ ಕೊರಳು ಖಾಲಿ ಖಾಲಿ ಅನಿಸಿತಂತೆ. ಬೀದರಿಗೆ ಹೋಗಿ, ಅಂಗೈಗಿಂತ ತುಸು ದೊಡ್ಡ ಪರದೆಯ ಒಂದು ಪ್ಲೇಯರು ಕೊಂಡುತಂದು, ಹಳೆಯ ಚೀಲದ ಪಟ್ಟಿಗೇ ಅದನ್ನು ಬಿಗಿದು ಕೊರಳಿಗೆ ಹಾಕಿಕೊಂಡ. ಅಂದಿನಿಂದ ಸ್ನಾನಕ್ಕೆ ಮಾತ್ರ ಅದನ್ನು ತೆಗೆಯುತ್ತಾನೆ. ಅದಕ್ಕೆ ಮೆಮೊರಿ ಕಾರ್ಡು ಸಿಕ್ಕಿಸಿದರೆ ಹಾಡು ಬರುತ್ತದೆ, ಏನಾದರೂ ಕಲಿಸುವ ವಿಡಿಯೋ ಬರುತ್ತದೆ. ಕಾರ್ಡು ತುಂಬಿಸಿಕೊಡುವ ಅಂಗಡಿಯವನು ಭಜನೆ, ಈಜು, ಅಡುಗೆ, ಪಂಪ್‌ಸೆಟ್ ರಿಪೇರಿ ಎಲ್ಲವನ್ನೂ ಒಂದರ ಮೇಲೊಂದು ಸುರಿಯುತ್ತಾನೆ, ಸಂತೆಯ ಚೀಲದಲ್ಲಿ ಬದನೆಕಾಯಿ ಮೇಲೆ ಸೋಪು ಹಾಕಿದ ಹಾಗೆ.

“ಮೊಬೈಲ್‌ನಾಗೇ ಎಲ್ಲಾ ಬರ್ತದಲ್ಲ ಮಾಮಾ, ಇದ್ಯಾಕ ತಗೊಂಡಿ?” ಎಂದು ಕೇಳಿದ್ದೆ.

“ಮೊಬೈಲ್ ಹಿಡಕೊಂಡು ಕಲಿಯಾಕ ಕುಂತ್ರ ನಡುವ ನಿನ್ನಂಥವರು ಫೋನ್ ಮಾಡ್ತಾರ. ಇದರಾಗ ಆ ತ್ರಾಸಿಲ್ಲ ನೋಡು.”

ಮೊದಲು ಕಲಿತದ್ದು ಈಜು. ಅಂಗಳದ ಹೊರಸಿನ ಮೇಲೆ ಬೋರಲು ಮಲಗಿ, ಪ್ಲೇಯರನ್ನು ಎದುರಿಗೆ ನಿಲ್ಲಿಸಿಕೊಂಡು, ಬೆಳಗಿನಿಂದ ಕೈಕಾಲು ಬಡಿಯುತ್ತಿದ್ದ. ಬೀದಿಯ ನಾಯಿಗಳು ಬಂದು ಸಾಲಾಗಿ ಕುಳಿತು ನೋಡುತ್ತಿದ್ದವು. ಇವನ ವಿದ್ಯೆಗಳಿಗೆಲ್ಲ ಪರೀಕ್ಷೆ ಇಡುವವಳು ನಮ್ಮ ಅತ್ತೆ, ಅವನ ಹೆಂಡತಿ. ಬಸ್ಸಿನ ಗದ್ದಲವನ್ನು ಒಂದೇ ಸೀಟಿಯಲ್ಲಿ ಅಡಗಿಸುತ್ತಿದ್ದ ಮಾಮ ಆಕೆಯ ಬಾಯಿಯ ಮುಂದೆ ಮಾತ್ರ ಗೆದ್ದದ್ದಿಲ್ಲ.

“ಎಲ್ಲಾ ಖರೆ, ನೀರು ಎಲ್ಲದ ರೀ?” ಅಂದಳು ಅತ್ತೆ.

“ನೀರು ಎರಡನೇ ಭಾಗದಾಗ ಅದ. ಅದು ಇನ್ನಾ ತುಂಬಸಿಲ್ಲ.”

“ಹಂಗಾದ್ರ ಹೊರಸು ಮುಳುಗೂಕಿಂತ ಮೊದಲ ಎದ್ದು ಚಹಾ ಕುಡೀರಿ.”

ಆಮೇಲೆ ಕಮಠಾಣ ಎಂಬ ಊರಲ್ಲಿ ಒಂದು ಮದುವೆ. ವರನ ತಲೆಗೆ ರುಮಾಲು ಸುತ್ತುವ ಕೆಲಸವನ್ನು ಮಾಮ ಕೇಳಿ ವಹಿಸಿಕೊಂಡ. ಜೀವನಪೂರ್ತಿ ರುಮಾಲು ಸುತ್ತಿದ ಹಿರಿಯರು ಅಲ್ಲೇ ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ಅವರನ್ನು ಕೇಳಿದರೆ ಕಲಿತ ವಿದ್ಯೆಗೆ ಅವಮಾನವಲ್ಲವೇ? ವಿಡಿಯೋ ನೋಡುತ್ತ ಅರ್ಧ ಸುತ್ತುವಷ್ಟರಲ್ಲಿ ಪ್ಲೇಯರಿನ ಚಾರ್ಜು ಮುಗಿಯಿತು. ನೋಡಿದರೆ ಊರಲ್ಲಿ ಕರೆಂಟೂ ಇಲ್ಲ! ವರನ ತಲೆಯ ಎಡಭಾಗ ಮದುವೆಗೆ ತಯಾರು, ಬಲಭಾಗ ಇನ್ನೂ ಬ್ರಹ್ಮಚಾರಿ. ಮಾಮ ಬಟ್ಟೆಯ ತುದಿ ಹಿಡಿದು ನಿಂತೇ ಇದ್ದ.

“ಮುಂದಿನ ಸ್ಟಾಪ್ ಗೊತ್ತಿಲ್ಲಂದ್ರ ರೈಟ್ ಹ್ಯಾಂಗ ಹೇಳಲಿ?” ಎಂಬುದು ಅವನ ವಾದ. ಕೊನೆಗೆ ವರನ ಅಜ್ಜ ಎದ್ದು ಬಂದು, ಬಾಯಲ್ಲಿದ್ದ ಎಲೆಯನ್ನೂ ಉಗುಳದೆ, ಕಣ್ಣು ಮಿಟುಕಿಸುವುದರೊಳಗೆ ಸುತ್ತಿ ಮುಗಿಸಿದ. ಈ ಕಥೆಯನ್ನು ಅತ್ತೆ ಹೋದಹೋದ ಮನೆಯಲ್ಲೆಲ್ಲ ಹೇಳಿದಳು. ಪ್ರತಿ ಸಲವೂ ರುಮಾಲು ಇನ್ನಷ್ಟು ಉದ್ದವಾಗುತ್ತಿತ್ತು.

ಅಂಥ ಅತ್ತೆಗೆ ಹೋದ ವರ್ಷ ಲಕ್ವಾ ಹೊಡೆಯಿತು. ಕಾಲು ಸುಧಾರಿಸಿತು, ಬಲಗೈ ಅಷ್ಟಿಷ್ಟು ಸುಧಾರಿಸಿತು, ಮಾತು ಮಾತ್ರ ಬರಲಿಲ್ಲ. “ಮಾತು ಒಳಗ ಅದ. ಹ್ಯಾಂಗರ ಮಾಡಿ ಮಾತಾಡಸ್ರಿ. ಸುಮ್ಮ ಬಿಟ್ರ ಹಂಗೇ ಉಳೀತದ,” ಎಂದರು ಬೀದರಿನ ಡಾಕ್ಟರು. ನಾವೆಲ್ಲ ಸುತ್ತ ಕುಳಿತು ಶುರು ಮಾಡಿದೆವು. “ಅತ್ತೀ, ನನ್ನ ಹೆಸರು ಹೇಳ್ರಿ. ಇದೇನಿದು? ಚಮಚಾ. ಅನ್ರಿ, ಚಮಚಾ.” ಇಡೀ ಓಣಿಗೆ ಮಾತು ಕಲಿಸಿದವಳಿಗೆ ನಾವು ಚಮಚಾ ಕಲಿಸುವುದೇ? ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಳು. ಆರೈಕೆಗೆಂದು ಬಂದು ಉಳಿದಿದ್ದ ನನಗೆ ಆ ಮನೆಯ ಮೌನಕ್ಕೆ ಹೆದರಿಕೆಯಾಗುತ್ತಿತ್ತು.

ಮಾಮ ಏನು ಮಾಡಿದ? ಬೀದರಿಗೆ ಹೋಗಿ ಕಾರ್ಡು ತುಂಬಿಸಿಕೊಂಡು ಬಂದು, ಇನ್ನು ಜೋಳದ ರೊಟ್ಟಿ ಕಲಿಯುತ್ತೇನೆ ಎಂದು ಸಾರಿದ! ಹೆಂಡತಿಯ ಬಾಯಿ ಕಟ್ಟಿದೆ, ಇವನಿಗೆ ರೊಟ್ಟಿಯ ಹುಚ್ಚು. ನನಗೆ ಮೈಯೆಲ್ಲ ಉರಿಯಿತು. ಅವನಿಗೇನೂ ಅನಿಸಲಿಲ್ಲ. ಅತ್ತೆಯ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ತಂದು, “ಇಲ್ಲಿ ಗಾಳಿ ಛಲೋ ಬರ್ತದ,” ಎಂದು ಕೂರಿಸಿ ಕೆಲಸಕ್ಕೆ ಕೂತ.

ಕಲಿಯುವ ರೀತಿಯೂ ಅವನದೇ. ಹಂಚು ಕಾಯುವುದಕ್ಕೆ ಒಂದು ಭಜನೆ, ರೊಟ್ಟಿ ಮಗುಚುವುದಕ್ಕೆ ಒಂದು ಪಲ್ಲವಿ ಎಂದು ಪ್ಲೇಯರಿನಲ್ಲೇ ಲೆಕ್ಕ. ಗಾಯಕ ಆಲಾಪಕ್ಕೆ ಇಳಿದನೆಂದರೆ ರೊಟ್ಟಿ ಕರಕಲು. “ನಂದೇನು ತಪ್ಪು? ಅವ ರಾಗ ಎಳದ,” ಎನ್ನುತ್ತಿದ್ದ. ಒಮ್ಮೆ ನನ್ನ ತಟ್ಟೆಗೆ ಬಿದ್ದ ರೊಟ್ಟಿ ಥೇಟ್ ಬೀದರ ಜಿಲ್ಲೆಯ ನಕ್ಷೆ. ಔರಾದ ತಾಲೂಕು ಮುರಿದು ಪಲ್ಯದಲ್ಲಿ ಬಿದ್ದಿತ್ತು.

ಜೋಳದ ಹಿಟ್ಟಿಗೆ ಕುದಿಯುವ ನೀರು ಬೇಕು, ಇಲ್ಲದಿದ್ದರೆ ರೊಟ್ಟಿ ಹರಿಯುತ್ತದೆ ಎಂಬುದು ನಮ್ಮ ಕಡೆ ಚಿಕ್ಕ ಹುಡುಗಿಯರಿಗೂ ಗೊತ್ತು. ಒಂದು ದಿನ ನನ್ನ ಕಣ್ಣೆದುರೇ ಮಾಮ ಕೊಡದಿಂದ ತಣ್ಣೀರು ಮೊಗೆದು ಹಿಟ್ಟಿಗೆ ಸುರಿದ. ಕುರ್ಚಿಯಲ್ಲಿದ್ದ ಅತ್ತೆಯ ತುಟಿ ಅಲುಗಿತು.

“ಬಿ... ಬಿಸಿ.”

ಮಾಮ ತಿರುಗಿಯೂ ನೋಡಲಿಲ್ಲ. “ವಿಡಿಯೋದಾಗ ತಣ್ಣೀರೇ ಅದ.”

“ಬಿಸಿ... ನೀರು.”

“ಕಲಿಸೋರು ಸುಳ್ಳು ಹೇಳ್ತಾರೇನು? ನಿನಗ ತಿಳಿಯಂಗಿಲ್ಲ, ಸುಮ್ಮಿರು.”

ಅತ್ತೆಯ ಮುಖ ಕೆಂಪಾಯಿತು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು. “ಬೆಂಕಿ ಹಚ್ರಿ... ನಿಮ್ಮ ವಿಡಿಯೋಕ್ಕ!”

ಕಾಯಿಲೆ ಬಿದ್ದ ಮೇಲೆ ಆಕೆ ಆಡಿದ ಮೊದಲ ಪೂರ್ತಿ ಮಾತು ಅದು. ನಾನು ಅಳುತ್ತ ನಗುತ್ತ ಆಕೆಯನ್ನು ತಬ್ಬಿಕೊಂಡೆ. ಮಾಮ ಮಾತ್ರ ಹಿಟ್ಟು ನಾದುತ್ತಲೇ, “ನಾಳಿಗಿ ನೋಡೂಣು,” ಎಂದ. ಮರುದಿನವೂ ತಣ್ಣೀರು. ಅದರ ಮರುದಿನ ಉರಿ ಹೆಚ್ಚು. ಆಮೇಲೆ ಉಪ್ಪು ಹೆಚ್ಚು. ಅತ್ತೆಯ ಬೈಗುಳ ದಿನದಿಂದ ದಿನಕ್ಕೆ ಉದ್ದವಾಯಿತು, ರೊಟ್ಟಿ ಮಾತ್ರ ಸುಧಾರಿಸಲಿಲ್ಲ. ಇಷ್ಟು ದಡ್ಡ ಶಿಷ್ಯನನ್ನು ಆ ಪ್ಲೇಯರು ಹೇಗೆ ಸಹಿಸಿಕೊಂಡಿದೆಯೋ ಎಂದುಕೊಳ್ಳುತ್ತಿದ್ದೆ.

ಮೊನ್ನೆ ಸಂತಪುರದಿಂದ ಡ್ರೈವರ್ ಚಾಚಾ ಅತ್ತೆಯನ್ನು ನೋಡಲು ಬಂದರು. ಮಾಮನ ಬಸ್ಸನ್ನು ವರ್ಷಗಟ್ಟಲೆ ಓಡಿಸಿದವರು. ಮಾಮ ಕಾರ್ಡು ತುಂಬಿಸಲು ಬೀದರಿಗೆ ಹೋಗಿದ್ದ. ಚಾಚಾನ ತಟ್ಟೆಗೆ ಬೆಳಗಿನ ಹರಕು ರೊಟ್ಟಿ ಬಡಿಸುತ್ತ ನಾನು ನಾಚಿಕೆಯಿಂದ, “ಮಾಮಾ ಮಾಡಿದ್ದು ಚಾಚಾ. ಇನ್ನಾ ಕಲೀಲತ್ತಾನ,” ಎಂದೆ.

ಚಾಚಾ ಎತ್ತಿದ ತುತ್ತು ಕೆಳಗಿಟ್ಟರು. “ಕಲೀಲತ್ತಾನ? ಅರೆ ಬೇಟಿ, ಠಾಣಾ ಕುಶನೂರಿಗೆ ವಸ್ತಿ ಗಾಡಿ ಇತ್ತಲ್ಲ ನಮ್ದು, ಸಂಜಿಗಿ ಹೋಗಿ ಅಲ್ಲೇ ಉಳಿದು ಮುಂಜಾನಿ ಬರ್ತಿದ್ವಿ. ಅಲ್ಲಿ ದಿನಾ ರೊಟ್ಟಿ ಬಡೀತಿದ್ದವ ಯಾರು? ನಿಮ್ಮ ಮಾಮಾನೇ. ಹಪ್ಪಳದಂಗ ತೆಳ್ಳಗ, ಪುಗ್ಗದಂಗ ಉಬ್ಬತಿತ್ತು. ಗಾಡಿ ಬಿಟ್ಟು ಖಾನಾವಳಿ ಹಾಕೋ ಅಂತಿದ್ದೆ ನಾನು.”

ನಾನು ಥಟ್ಟನೆ ಹಿಂದೆ ತಿರುಗಿದೆ. ಕುರ್ಚಿಯಲ್ಲಿ ಅತ್ತೆ ಇದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ. ಆಕೆಯನ್ನು ಮಾತಾಡಿಸಲೆಂದು ಮಾಮ ಕಷ್ಟಪಟ್ಟು ಕಟ್ಟಿದ ನಾಟಕ ಇಲ್ಲಿಗೆ ಮುಗಿಯಿತಲ್ಲ! ಚಾಚಾ ಹೋದ ಮೇಲೆ ಅಂಜುತ್ತ ಆಕೆಯ ಬಳಿ ಕುಳಿತೆ. ಅತ್ತೆ ನಗುತ್ತಿದ್ದಳು.

“ನನಗ ಗೊತ್ತದ. ಲಗ್ನ ಆದ ಹೊಸದಾಗ... ನನಗ ರೊಟ್ಟಿ ಬಡಿಯಾಕ ಕಲಿಸಿದವರೇ ಅವರು.”

“ಮತ್ತ ದಿನಾ ಯಾಕ ಅಷ್ಟು ಬೈತೀರಿ ಅತ್ತೀ?”

ಅತ್ತೆ ಒಂದೊಂದೇ ಮಾತು ಕೂಡಿಸಿಕೊಂಡಳು. “ನಾ ಸುಮ್ಮ ಕುಂತ್ರ... ಅವರಿಗೆ ಅಂಜಿಕಿ ಆಗ್ತದವ್ವಾ.”

ಸಂಜೆ ಮಾಮ ಬಂದ. ಕೊರಳಲ್ಲಿ ಪ್ಲೇಯರು, ಬಾಯಲ್ಲಿ ಹೊಸ ಹಾಡು. ಕೈ ತೊಳೆದು, ಹಿಟ್ಟು ಹಾಕಿಕೊಂಡು, ಕೊಡದಿಂದ ತಣ್ಣೀರು ಮೊಗೆದ.

“ಬಿಸಿನೀರು ಹಾಕ್ರಿ ಅಂತ ಎಷ್ಟು ಸಲ ಹೇಳಬೇಕು ನಿಮಗ?” ಅಂದಳು ಅತ್ತೆ, ಎಲ್ಲಿಯೂ ತಡೆಯದೆ.

“ವಿಡಿಯೋದಾಗ ಹಿಂಗೇ ಅದ,” ಎಂದ ಮಾಮ.

ದಾರಿಯುದ್ದಕ್ಕೂ ಹಾಡು ಕೇಳಿ ಪ್ಲೇಯರಿನ ಚಾರ್ಜು ಮುಗಿದಿತ್ತು, ಪರದೆ ಕಪ್ಪಗಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ. ನಾನು ತಟ್ಟೆ ಹಿಡಿದು ಕುಳಿತೆ. ಔರಾದ ತಾಲೂಕು ಈ ಸಲವೂ ಮುರಿದೇ ಬಂತು. ನಾನು ಇನ್ನೊಂದು ರೊಟ್ಟಿ ಕೇಳಿದೆ.