ದೊಡ್ಡಕ್ಕನ ಹೂಂ

ಸಂಜೆ ಏಳಾಯಿತೆಂದರೆ ಸಾಕು, ಕಾದಂಬರಿಕಾರರು ಹಲ್ಲು ಕಡಿಯುತ್ತಾ ಟೀವಿ ಮುಂದೆ ಕೂರುತ್ತಿದ್ದರು. ಅದರಲ್ಲಿ ಬರುತ್ತಿದ್ದದ್ದು ಅವರದೇ ಕಾದಂಬರಿಯ ಧಾರಾವಾಹಿ. ನಾಲ್ಕು ಭಾಗ ಬರೆದು, ಐದನೆಯದನ್ನು ಏಳು ವರ್ಷದಿಂದ "ಬರೀತಾ ಇದ್ದೀನಿ" ಎನ್ನುತ್ತಿದ್ದ ಮಹಾನುಭಾವರು ಇವರು. (ಬರೆದದ್ದು ಶೀರ್ಷಿಕೆ ಮಾತ್ರ. ಅದನ್ನೂ ಎರಡು ಸಲ ಹೊಡೆದುಹಾಕಿದ್ದರು.) ಪುಸ್ತಕ ಇರುವ ತನಕ ಚೆನ್ನಾಗಿಯೇ ಇದ್ದ ಧಾರಾವಾಹಿ, ನಾಲ್ಕನೇ ಭಾಗ ಮುಗಿದದ್ದೇ ತಡ, ದಿಕ್ಕೆಟ್ಟು ಹೋಯಿತು.

"ನೋಡೇ, ನನ್ನ ದೊಡ್ಡಕ್ಕನ ಗತಿ ನೋಡು! ನಾಲ್ಕು ಪುಸ್ತಕದಲ್ಲಿ 'ಹೂಂ' ಬಿಟ್ಟು ಬೇರೆ ಮಾತಾಡದವಳು, ಈಗ ಬಾಗಿಲಲ್ಲಿ ನಿಂತು ಭಾಷಣ ಬಿಗೀತಿದ್ದಾಳೆ!"

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ಟೀವಿಯವರು ತಾನೇ ಏನ್ ಮಾಡ್ತಾರೆ ರೀ? ದಿನಾ ಅರ್ಧ ಗಂಟೆ ತುಂಬಿಸ್ಬೇಕು. ನೀವು ಬರೆದುಕೊಡ್ಲಿಲ್ಲ. ಪಾಪ, ಅವಳ ಬಾಯಿ ಬಿಡಿಸಿದ್ರು."

"ಪಾತ್ರಗಳು ಪಕ್ವವಾಗ್ಬೇಕು ಕಣೇ!"

"ಏಳು ವರ್ಷ ಆಯ್ತು. ಕೊಳೆತೇ ಹೋಗಿರ್ತವೆ."

ಐದನೇ ಭಾಗ ಮುಂದೆ ಸಾಗದ ಅಸಲಿ ಕಾರಣವನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾಲ್ಕನೇ ಭಾಗದ ಕೊನೆಯಲ್ಲಿ ದೊಡ್ಡಕ್ಕನನ್ನು ಅವಳ ತಮ್ಮ ಕೇಳುತ್ತಾನೆ: "ಅಪ್ಪನ ಕಾಗದ ಸುಟ್ಟದ್ದು ನೀನೇನಾ?" ದೊಡ್ಡಕ್ಕ "ಹೂಂ" ಎನ್ನುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯಿತು. ಆ ಹೂಂ ಮುಂದಿದ್ದ ಚಿಹ್ನೆಯನ್ನು ಅಚ್ಚಿನವರು ನುಂಗಿಹಾಕಿದ್ದರು. ಪೂರ್ಣವಿರಾಮವಾದರೆ ಒಪ್ಪಿಗೆ, ಪ್ರಶ್ನೆಯ ಚಿಹ್ನೆಯಾದರೆ 'ಏನಂದೆ?' ಎಂದು ಗದರಿಕೆ. ವಿಮರ್ಶಕರು 'ಅದ್ಭುತ ಧ್ವನಿ' ಎಂದು ಕೊಂಡಾಡಿದರು, ಇವರು ಗಂಭೀರವಾಗಿ ತಲೆದೂಗಿದರು. ಈಗ ಕೈಬರಹದ ಪ್ರತಿಯೂ ಇಲ್ಲ. ತಾವು ಹಾಕಿದ್ದು ಯಾವ ಚಿಹ್ನೆ ಅನ್ನುವುದು, ದೇವರಾಣೆ, ಅವರಿಗೇ ನೆನಪಿಲ್ಲ!

ಆದರೂ ರೋಷ ಉಕ್ಕಿತು. "ಬರವಣಿಗೆ ಅಂದ್ರೆ ಏನು ಅಂತ ತೋರಿಸ್ತೀನಿ ಆ ಅಯೋಗ್ಯರಿಗೆ" ಎಂದು ಕೋಣೆ ಸೇರಿದವರು ಮೂರು ತಿಂಗಳು ಹೊರಗೆ ಬರಲಿಲ್ಲ. (ಏಳು ಗಂಟೆಗೆ ಮಾತ್ರ ತಪ್ಪದೆ ಬರುತ್ತಿದ್ದರು, ಬೈಯುವುದಕ್ಕೆ.)

ಮುಗಿದ ಕಟ್ಟನ್ನು ಹೆಂಡತಿಯ ಕೈಗಿಟ್ಟು ಎದುರಿಗೇ ನಿಂತರು. ಇಷ್ಟು ವರ್ಷವೂ ಮೊದಲು ಓದುತ್ತಿದ್ದವಳು ಅವಳೇ. ಅವಳು "ಹೂಂ" ಎಂದರೇ ಅಚ್ಚಿಗೆ. ದೊಡ್ಡಕ್ಕನ ಹೂಂ ಕೂಡ ಅವಳಿಂದಲೇ ಕದ್ದದ್ದು.

ಅವಳು ಇಪ್ಪತ್ತು ಪುಟ ಓದಿ ಕನ್ನಡಕ ತೆಗೆದಳು.

"ರೀ, ಇದನ್ನ ಟೀವಿಯವರು ಬರೆದುಕೊಟ್ರಾ?"

"ಯಾಕೇ?"

"ದೊಡ್ಡಕ್ಕ ಒಂಬತ್ತು ಪುಟ ಮಾತಾಡ್ತಾಳೆ. ನಡುವೆ ಮೂರು ಸಲ ಗಕ್ಕನೆ ತಿರುಗಿ ನೋಡ್ತಾಳೆ."

ಕಾದಂಬರಿಕಾರರು ಕುರ್ಚಿಯಲ್ಲಿ ಕುಸಿದರು. "ಹಾಗಾದ್ರೆ ನಾನೂ ಅವರ ಹಾಗೇ ಆಗ್ಬಿಟ್ನಾ?"

ಹೆಂಡತಿ ಗಡಿಯಾರ ನೋಡಿ, ರಿಮೋಟು ಎತ್ತಿಕೊಂಡಳು.

"ಹೂಂ."

ಈ ಸಲ ಚಿಹ್ನೆ ಯಾವುದೆಂಬ ಬಗ್ಗೆ ಅವರಿಗೆ ಅನುಮಾನವೇ ಬರಲಿಲ್ಲ.